ಬೂ ರಾಡ್ಲಿಯ ಕಥೆಗೆ ಅಷ್ಟೊಂದು ಪುಟ ಯಾಕೆ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳ ಜೊತೆ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದುತ್ತಿದ್ದೇನೆ. ಎಲ್ಲರೂ ಇದನ್ನು ಕೋರ್ಟ್ ಕಾದಂಬರಿ ಅಂತಾರೆ. ಆದರೆ ಶುರುವಿನ ಅಧ್ಯಾಯಗಳಲ್ಲೆಲ್ಲ ಮೂರು ಮಕ್ಕಳು ಮನೆಯಿಂದ ಹೊರಗೇ ಬರದ ಬೂ ರಾಡ್ಲಿಯನ್ನು ಹೇಗಾದರೂ ನೋಡಬೇಕು ಅಂತ ಪಡುವ ಪಾಡೇ ತುಂಬಿದೆ. ಅದು ಬೇಕಿತ್ತಾ? ಅವನಿಗೆ ನಿಜಕ್ಕೂ ಏನಾಗಿತ್ತು, ಹುಚ್ಚಾ, ಆಟಿಸಮ್ಮಾ? ಇನ್ನು ಮಗಳ ಪ್ರಶ್ನೆ: ಕೊನೆಗೆ ಅವನು ಒಬ್ಬನನ್ನು ಕೊಂದರೂ ಕೇಸೇ ಆಗುವುದಿಲ್ಲ, ಅದು ಸರಿನಾ?

ಉತ್ತರ: ನಿಮ್ಮ ಎರಡು ಪ್ರಶ್ನೆಗಿಂತ ಮಗಳದ್ದು ಕಷ್ಟದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲನೆಯದಕ್ಕೆ ನೇರ ಉತ್ತರ, ಹೌದು, ಬೇಕಿತ್ತು. ಈ ಕಾದಂಬರಿಯಲ್ಲಿ ನಡೆಯುವುದು ಎರಡು ವಿಚಾರಣೆ. ಒಂದು ಟಾಮ್ ರಾಬಿನ್ಸನ್‌ನದು. ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ, ಅವನ ವಿಚಾರಣೆ ಕೋರ್ಟಿನಲ್ಲಿ. ಇನ್ನೊಂದು ಬೂ ರಾಡ್ಲಿಯದು. ಅದು ನಡೆಯುವುದು ಬೀದಿಯಲ್ಲಿ, ಅಲ್ಲಿ ಜ್ಯೂರಿ ಅಂದರೆ ಮೂರು ಮಕ್ಕಳು. ಎರಡೂ ಕಡೆ ಊರು ಮೊದಲೇ ತೀರ್ಪು ಕೊಟ್ಟುಬಿಟ್ಟಿದೆ. ಎರಡೂ ಕಡೆ ಆ ತೀರ್ಪು ತಪ್ಪು ಅಂತ ತೋರಿಸುವ ಸಾಕ್ಷ್ಯ ಒಂದೊಂದಾಗಿ ಬರುತ್ತಾ ಹೋಗುತ್ತದೆ. ಬೀದಿಯ ಜ್ಯೂರಿ ಸಾಕ್ಷ್ಯ ನೋಡಿ ಮನಸ್ಸು ಬದಲಿಸುತ್ತದೆ. ಕೋರ್ಟಿನ ಜ್ಯೂರಿ ಬದಲಿಸುವುದಿಲ್ಲ. ಈ ಮಕ್ಕಳು ಬೂ ವಿಷಯದಲ್ಲಿ ಏನು ಕಲಿತರು ಅಂತ ನಾವು ಕಣ್ಣಾರೆ ನೋಡಿರದಿದ್ದರೆ, ಟಾಮ್‌ಗೆ ಶಿಕ್ಷೆಯಾದಾಗ ಆ ಮೂವರಲ್ಲಿ ದೊಡ್ಡವನಾದ ಜೆಮ್ ಯಾಕೆ ಅಷ್ಟು ಒಡೆದುಹೋಗುತ್ತಾನೆ ಅನ್ನೋದು ನಮಗೆ ಅರ್ಥವೇ ಆಗುತ್ತಿರಲಿಲ್ಲ.

ಒಂದನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಈ ಸಲ ಒಂದೇ ವಿಷಯ ಗಮನಿಸಿ: ಬೂ ಬಗ್ಗೆ ಬರುವ ಒಂದೊಂದು ಮಾತೂ ಯಾರ ಬಾಯಿಂದ ಬಂದದ್ದು? 1933ರ ಬೇಸಿಗೆ, ಅಲಬಾಮಾದ ಮೇಕಂಬ್ ಅನ್ನೋ ಕಾಲ್ಪನಿಕ ಊರು. ಕಥೆ ಹೇಳುವ ಹುಡುಗಿ ಸ್ಕೌಟ್‌ಗೆ ಆರು ತುಂಬುತ್ತಿದೆ, ಅಣ್ಣ ಜೆಮ್‌ಗೆ ಹತ್ತು. ರಾಡ್ಲಿ ಮನೆ ಇವರ ಮನೆಯಿಂದ ದಕ್ಷಿಣಕ್ಕೆ ಮೂರನೆಯದು. ಜೆಮ್ ಹೇಳುವ ಪ್ರಕಾರ ಬೂ ಆರೂವರೆ ಅಡಿ ಎತ್ತರ. ಅಳೆದವರು ಯಾರು? ಹೆಜ್ಜೆ ಗುರುತು ನೋಡಿ ಲೆಕ್ಕ ಹಾಕಿದ್ದಂತೆ! ಹಸಿ ಅಳಿಲು, ಬೆಕ್ಕು ತಿನ್ನುತ್ತಾನೆ, ಮುಖದ ಮೇಲೆ ಉದ್ದನೆಯ ಗಾಯದ ಗುರುತು, ಹಳದಿ ಕೊಳೆತ ಹಲ್ಲು, ಜೊಲ್ಲು. ಚಳಿಗೆ ಹೂಗಿಡ ಕರಕಲಾದರೆ ಅವನ ಉಸಿರು ತಾಕಿದ್ದಕ್ಕೆ. ರಾಡ್ಲಿ ಹಿತ್ತಲು ಸ್ಕೂಲ್ ಮೈದಾನಕ್ಕೆ ತಾಗಿಕೊಂಡಿದೆ, ಅಲ್ಲಿನ ಪೆಕಾನ್ ಕಾಯಿ ಮೈದಾನಕ್ಕೆ ಬಿದ್ದರೂ ಮಕ್ಕಳು ಮುಟ್ಟುವುದಿಲ್ಲ, ತಿಂದರೆ ಸಾಯುತ್ತಾರೆ ಅನ್ನೋ ನಂಬಿಕೆ. ಚೆಂಡು ಆ ಕಡೆ ಹೋದರೆ ಹೋಯಿತು ಅಷ್ಟೇ.

ಇದೆಲ್ಲ ಮಕ್ಕಳ ಕಲ್ಪನೆ, ಬಿಡಿ. ಆದರೆ ಬೂ ಬಗೆಗಿನ ಅತಿ ದೊಡ್ಡ ‘ಸತ್ಯ’, ಮೂವತ್ಮೂರನೇ ವಯಸ್ಸಿನಲ್ಲಿ ಕುಳಿತು ಪೇಪರ್ ಕತ್ತರಿಸುತ್ತಿದ್ದವನು ಪಕ್ಕದಲ್ಲಿ ಹಾದುಹೋದ ಅಪ್ಪನ ತೊಡೆಗೋ ಕಾಲಿಗೋ ಕತ್ತರಿ ಚುಚ್ಚಿ, ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಕತ್ತರಿಸುತ್ತಾ ಕೂತ ಅನ್ನೋದು, ಅದು ಎಲ್ಲಿಂದ ಬಂತು? ಮಿಸ್ ಸ್ಟೆಫನಿ ಕ್ರಾಫರ್ಡ್ ಬಾಯಿಂದ. ಬೀದಿಯ ಗಾಸಿಪ್ ಕೇಂದ್ರವೇ ಅವಳು. ಅಪ್ಪನನ್ನು ಚುಚ್ಚಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಏನೋ ಆಗಿದೆ, ಪೊಲೀಸರ ತನಕ ಹೋಗಿದೆ. ಆದರೆ ಆ ‘ಒರೆಸಿಕೊಂಡು ಮತ್ತೆ ಕೂತ’ ಅನ್ನೋ ಒಗ್ಗರಣೆ ಇದೆಯಲ್ಲ, ಅದನ್ನು ನೋಡಿದವರು ಆ ರೂಮಿನಲ್ಲಿ ಇಬ್ಬರೇ, ಅವರಿಬ್ಬರೂ ಸ್ಟೆಫನಿ ಹತ್ತಿರ ಹರಟೆ ಹೊಡೆಯುವವರಲ್ಲ. ಓದುವಾಗ ನಾವೂ ಅದನ್ನು ಸುಮ್ನೆ ನಂಬಿಬಿಡುತ್ತೇವೆ, ಅಲ್ವಾ? ಲೇಖಕಿಗೆ ಬೇಕಾಗಿದ್ದೂ ಅದೇ. ನಮ್ಮನ್ನೂ ಆ ಊರಿನವರನ್ನಾಗಿ ಮಾಡಿ ಕೂರಿಸಿದ ಮೇಲೆಯೇ ಅವಳು ಟಾಮ್ ಕೇಸಿಗೆ ಬರುವುದು.

ನಿಜವಾಗಿ ಏನಾಗಿತ್ತು? ಹುಡುಗನಾಗಿದ್ದಾಗ ಆರ್ಥರ್ ರಾಡ್ಲಿ, ಅದು ಅವನ ಸರಿಯಾದ ಹೆಸರು, ಕೆಲವು ಪೋಲಿ ಹುಡುಗರ ಜೊತೆ ಸೇರಿದ. ಒಂದು ರಾತ್ರಿ ಯಾರದೋ ಹಳೇ ಕಾರು ತಂದು ಚೌಕದ ಸುತ್ತ ಹಿಮ್ಮುಖವಾಗಿ ಓಡಿಸಿದರು, ಹಿಡಿಯಲು ಬಂದ ಮುದುಕ ಕಾವಲುಗಾರನನ್ನು ಕೋರ್ಟಿನ ಹೊರಗಿನ ಪಾಯಿಖಾನೆಯಲ್ಲಿ ಕೂಡಿಹಾಕಿದರು. ಇಷ್ಟೇ ಅಪರಾಧ. ಜಡ್ಜ್ ಅವರನ್ನೆಲ್ಲ ಸರ್ಕಾರಿ ಇಂಡಸ್ಟ್ರಿಯಲ್ ಸ್ಕೂಲಿಗೆ ಕಳಿಸಿದ. ಬೂನ ಅಪ್ಪನಿಗೆ ಅದು ಮರ್ಯಾದೆ ಪ್ರಶ್ನೆ. ನನ್ನ ಮಗನನ್ನು ಬಿಡಿ, ಇನ್ನು ಅವನಿಂದ ತೊಂದರೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದ. ಜಡ್ಜ್ ಒಪ್ಪಿದ. ಆಮೇಲೆ ಹದಿನೈದು ವರ್ಷ ಬೂನನ್ನು ಯಾರೂ ನೋಡಲಿಲ್ಲ. ಇದರಲ್ಲಿ ಹಾರ್ಪರ್ ಲೀ ಇಟ್ಟಿರುವ ಕುಟುಕು ಗಮನಿಸಿ. ಶಿಕ್ಷೆಗೆ ಹೋದ ಬಡ ಮನೆಯ ಹುಡುಗರಿಗೆ ಆ ಸ್ಕೂಲಿನಲ್ಲಿ ಇಡೀ ರಾಜ್ಯದಲ್ಲೇ ಒಳ್ಳೆಯ ಓದು ಸಿಕ್ಕಿತು, ಒಬ್ಬ ಆಬರ್ನ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದ. ಬಿಡುಗಡೆಯಾದವನು ಮಾತ್ರ ಜೀವಾವಧಿ ಒಳಗೆ ಉಳಿದ.

ಜೆಮ್‌ಗೆ ಅನುಮಾನ, ಬೂನನ್ನು ಅವನ ಅಪ್ಪ ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದ ಅಂತ. ಜೆಮ್ ಮತ್ತು ಸ್ಕೌಟ್‌ನ ಅಪ್ಪ, ಟಾಮ್ ಪರ ವಾದಿಸುವ ವಕೀಲ ಆಟಿಕಸ್ ಅಲ್ಲ ಅನ್ನುತ್ತಾನೆ, ಮನುಷ್ಯರನ್ನು ದೆವ್ವ ಮಾಡೋಕೆ ಬೇರೆ ದಾರಿಗಳೂ ಇವೆ ಅನ್ನುತ್ತಾನೆ. ಅಷ್ಟಕ್ಕೇ ನಿಲ್ಲಿಸುತ್ತಾನೆ. ಆ ಮುದುಕ ರಾಡ್ಲಿ ಸತ್ತು ಹೆಣ ಹೊರಟಾಗ, ಬಿಳಿಯರ ವಿಷಯಕ್ಕೆ ಸಾಮಾನ್ಯವಾಗಿ ಬಾಯಿ ಹಾಕದ ಅಡುಗೆಯ ಕ್ಯಾಲ್ಪರ್ನಿಯಾ, ದೇವರು ಉಸಿರು ಊದಿದವರಲ್ಲೇ ಇವನಷ್ಟು ಕೆಟ್ಟವನಿಲ್ಲ ಅಂತ ಹೇಳಿ ಅಂಗಳಕ್ಕೆ ಉಗಿಯುತ್ತಾಳೆ. ಮಕ್ಕಳು ಗಾಬರಿಯಾಗುತ್ತಾರೆ. ಆ ಊರಿನಲ್ಲಿ ಬೂ ವಿಷಯದ ಸತ್ಯವನ್ನು ಅಷ್ಟು ನೇರವಾಗಿ ಹೇಳಿದ್ದು ಅವಳೊಬ್ಬಳೇ ಅಂತ ನನಗನ್ನಿಸುತ್ತದೆ.

ಆದ್ದರಿಂದ ಹುಚ್ಚಾ, ಆಟಿಸಮ್ಮಾ ಅನ್ನೋದಕ್ಕೆ ನನ್ನ ಉತ್ತರ: ಪುಸ್ತಕ ಎರಡನ್ನೂ ಹೇಳುವುದಿಲ್ಲ, ನೀವೂ ಹೇಳಲು ಹೋಗಬೇಡಿ. ಆಟಿಸಂ ಅನ್ನೋದನ್ನು ಮನೋವೈದ್ಯ ಲಿಯೋ ಕ್ಯಾನರ್ ವಿವರಿಸಿದ್ದೇ 1943ರಲ್ಲಿ, ಕಥೆ ನಡೆಯುವ ಕಾಲಕ್ಕೆ ಆ ಲೇಬಲ್ಲೇ ಇರಲಿಲ್ಲ. ಇರಲಿ, ಲೇಬಲ್ ಇಲ್ಲದಿದ್ದರೂ ಸ್ಥಿತಿ ಇರಬಹುದಲ್ಲ ಅಂತ ನೀವು ಕೇಳಬಹುದು. ಆದರೆ ಕೊನೆಗೆ ನಾವು ನೋಡುವ ಬೂಗೆ ಪುಸ್ತಕ ಕೊಡುವ ಲಕ್ಷಣ ಏನು? ಬಿಸಿಲು ಕಾಣದ ಬಿಳಿಚಿದ ಕೈ, ಕುಳಿಬಿದ್ದ ಕೆನ್ನೆ, ಬಣ್ಣವೇ ಇಲ್ಲದಂಥ ಕಣ್ಣು, ಜೋರು ಕೆಮ್ಮು, ಬೆಳಕಿಗೆ ಅಂಜಿಕೆ, ಜನರ ಮಧ್ಯೆ ಹೇಗೆ ನಿಲ್ಲಬೇಕು ಅಂತ ಗೊತ್ತಿಲ್ಲದ ನಾಚಿಕೆ. ಇಷ್ಟೊಂದು ವರ್ಷ ಒಳಗಿದ್ದ ಯಾರಿಗೂ ಇದೆಲ್ಲ ಬರುತ್ತದೆ. ಅವನನ್ನು ಮೊದಲಿಂದ ಬಲ್ಲ, ಅದೇ ಬೀದಿಯ ಮಿಸ್ ಮಾಡಿ ಅನ್ನೋ ಹೆಂಗಸು ಹೇಳುವುದೂ ಇಷ್ಟೇ: ಹುಡುಗನಾಗಿದ್ದಾಗ ನನ್ನ ಜೊತೆ ಯಾವಾಗಲೂ ಚೆನ್ನಾಗಿ ಮಾತಾಡುತ್ತಿದ್ದ. ಇವತ್ತು ಇಂಟರ್ನೆಟ್ಟಿನಲ್ಲಿ ಅವನಿಗೆ ಕಾಯಿಲೆ ಹೆಸರಿಡುವವರ ಆಸಕ್ತಿ ಒಳ್ಳೆಯದೇ ಇರಬಹುದು, ಆದರೆ ಅವರೂ ಮಾಡುತ್ತಿರುವುದು ಸ್ಟೆಫನಿಯ ಕೆಲಸವನ್ನೇ, ಸ್ವಲ್ಪ ಓದಿಕೊಂಡು ಮಾಡುತ್ತಿದ್ದಾರೆ ಅಷ್ಟೇ.

ಇನ್ನು ಮಕ್ಕಳ ವಿಷಯ. ನನಗೆ ತುಂಬಾ ಇಷ್ಟದ ಭಾಗ ಇದು, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬೂನನ್ನು ಹೊರಗೆ ತರಬೇಕು ಅನ್ನೋ ಹುಚ್ಚು ಹಿಡಿಸುವುದು ಡಿಲ್. ಮಿಸಿಸಿಪ್ಪಿಯ ಮೆರಿಡಿಯನ್‌ನಿಂದ ಬೇಸಿಗೆಗೆ ಚಿಕ್ಕಮ್ಮನ ಮನೆಗೆ ಬರುವ ಪುಟ್ಟ ಹುಡುಗ, ಬಾಯಿ ಬಿಟ್ಟರೆ ಸುಳ್ಳು, ಅಪ್ಪನ ಬಗ್ಗೆಯಂತೂ ಸಲಕ್ಕೊಂದು ಕಥೆ. ಹಾರ್ಪರ್ ಲೀಗೆ ಬಾಲ್ಯದಲ್ಲಿ ಪಕ್ಕದ ಮನೆಯಲ್ಲಿದ್ದ ಗೆಳೆಯ, ಮುಂದೆ ಲೇಖಕನಾದ ಟ್ರೂಮನ್ ಕಪೋಟಿಯೇ ಈ ಡಿಲ್ ಅನ್ನೋದು ಎಲ್ಲರಿಗೂ ಗೊತ್ತಿರುವ ಸಂಗತಿ. ಡಿಲ್ ಮೊದಲು ಜೆಮ್‌ಗೆ ಬಾಜಿ ಕಟ್ಟುತ್ತಾನೆ, ಧೈರ್ಯವಿದ್ದರೆ ಆ ಮನೆ ಮುಟ್ಟಿ ಬಾ. ಜೆಮ್ ಓಡಿ ಹೋಗಿ ಗೋಡೆಗೆ ಒಂದು ಹೊಡೆದು ಓಡಿ ಬರುತ್ತಾನೆ. ತಿರುಗಿ ನೋಡಿದರೆ ಕಿಟಕಿಯ ಒಳಗಿನ ಬಾಗಿಲು ಒಂಚೂರು ಅಲ್ಲಾಡಿದ ಹಾಗೆ. ಮುಂದಿನ ವರ್ಷ ಬೂ ಕಥೆಯನ್ನೇ ನಾಟಕ ಮಾಡಿ ಬೀದಿಯಲ್ಲಿ ಆಡುತ್ತಾರೆ. ಗಾಳಕೋಲಿನ ತುದಿಗೆ ಚೀಟಿ ಸಿಕ್ಕಿಸಿ ಕಿಟಕಿಯೊಳಗೆ ತೂರಿಸಲು ನೋಡುತ್ತಾರೆ, ಹೊರಗೆ ಬಂದರೆ ಐಸ್‌ಕ್ರೀಮ್ ಕೊಡಿಸುತ್ತೇವೆ ಅಂತ. ಆಟಿಕಸ್ ಹಿಡಿದು ಬೈಯುತ್ತಾನೆ, ಆ ಮನುಷ್ಯನನ್ನು ಪೀಡಿಸೋದು ನಿಲ್ಲಿಸಿ ಅಂತ. ಕೇಳುತ್ತಾರಾ? ರಾತ್ರಿ ಹಿತ್ತಲಿಗೆ ನುಗ್ಗುತ್ತಾರೆ, ಬೂನ ಅಣ್ಣ ನೇಥನ್ ಬಂದೂಕು ಹಾರಿಸುತ್ತಾನೆ, ಜೆಮ್‌ನ ಪ್ಯಾಂಟು ಬೇಲಿಗೆ ಸಿಕ್ಕಿಕೊಳ್ಳುತ್ತದೆ.

ಇದೇ ಡಿಲ್ ಆಮೇಲೆ, ಹದಿನಾಲ್ಕನೇ ಅಧ್ಯಾಯದಲ್ಲಿ, ಮನೆ ಬಿಟ್ಟು ಓಡಿಬಂದು ಸ್ಕೌಟ್‌ನ ಮಂಚದ ಕೆಳಗೆ ಅವಿತಿರುತ್ತಾನೆ. ಮನೆಯಲ್ಲಿ ಹೊಡೆದರಾ ಅಂದರೆ ಇಲ್ಲ. ಬೇಕಾದ್ದನ್ನೆಲ್ಲ ಕೊಡಿಸುತ್ತಾರೆ, ಆದರೆ ಅವರಿಗೆ ಇವನು ಬೇಕಾಗಿಲ್ಲ, ಅಷ್ಟೇ. ಆ ರಾತ್ರಿ ಸ್ಕೌಟ್ ಕೇಳುತ್ತಾಳೆ, ಬೂ ಯಾಕೆ ಯಾವತ್ತೂ ಮನೆ ಬಿಟ್ಟು ಓಡಿಹೋಗಲಿಲ್ಲ? ಡಿಲ್ ನಿಟ್ಟುಸಿರು ಬಿಟ್ಟು ಹೇಳುತ್ತಾನೆ, ಓಡಿಹೋಗೋಕೆ ಅವನಿಗೆ ಜಾಗ ಇಲ್ಲವೇನೋ. ಬೂನನ್ನು ಹೊರಗೆಳೆಯಲು ಅಷ್ಟೆಲ್ಲ ಉಪಾಯ ಹೂಡಿದ ಹುಡುಗನಿಗೆ ಈಗ ಅವನು ಒಳಗೇ ಉಳಿದ ಕಾರಣ ಹೊಳೆದಿದೆ. ಬೇರೆ ಯಾರಿಗೆ ಹೊಳೆದಿದ್ದರೂ ಅದಕ್ಕೆ ಈ ತೂಕ ಬರುತ್ತಿರಲಿಲ್ಲ.

ಸಾಕ್ಷ್ಯದ ಕಥೆಗೆ ಬರೋಣ. ಅದು ಬರುವುದು ಮರದ ಪೊಟರೆಯಿಂದ. ರಾಡ್ಲಿ ಜಾಗದ ಅಂಚಿನಲ್ಲಿರುವ ಓಕ್ ಮರದಲ್ಲಿ ಸ್ಕೌಟ್‌ಗೆ ಮೊದಲು ಎರಡು ಚೂಯಿಂಗ್ ಗಮ್ ಸಿಗುತ್ತದೆ. ಆಮೇಲೆ ಹೊಳೆಯುವಂತೆ ತಿಕ್ಕಿದ ಎರಡು ಹಳೇ ನಾಣ್ಯ. ದಾರದ ಉಂಡೆ. ಸೋಪಿನಲ್ಲಿ ಕೆತ್ತಿದ ಎರಡು ಗೊಂಬೆ, ನೋಡಿದರೆ ಅವು ಸ್ಕೌಟ್ ಮತ್ತು ಜೆಮ್! ಬಣ್ಣ ಮಾಸಿದ ಸ್ಪೆಲ್ಲಿಂಗ್ ಮೆಡಲ್. ಓಡದ ವಾಚು, ಚೈನು, ಚಾಕು. ಒಂದೊಂದೂ ಅಗ್ಗದ್ದೇ, ಆದರೆ ಒಂದೊಂದೂ ಒಬ್ಬ ಹುಡುಗ ಎಂದೋ ಜೋಪಾನ ಮಾಡಿಟ್ಟುಕೊಂಡಂಥ ವಸ್ತು. ಗೊಂಬೆ ಕೆತ್ತಬೇಕಾದರೆ ಇವರನ್ನು ಎಷ್ಟು ದಿನ ನೋಡಿರಬೇಕು ಯೋಚಿಸಿ. ಮಕ್ಕಳು ತಾವು ಅವನ ಮೇಲೆ ಕಣ್ಣಿಟ್ಟಿದ್ದೇವೆ ಅಂದುಕೊಂಡಿದ್ದಾರೆ, ಅವನು ಇವರನ್ನು ಅದಕ್ಕಿಂತ ಚೆನ್ನಾಗಿ ನೋಡಿಕೊಂಡಿದ್ದಾನೆ.

ಲೀ ಇಲ್ಲಿ ಮಾಡುವ ಚಮತ್ಕಾರ ಅಂದರೆ ಕೆಲವು ಸಾಕ್ಷ್ಯವನ್ನು ಸ್ಕೌಟ್ ಕೈಗೆ ಕೊಟ್ಟು, ಅವಳಿಗೆ ಅದರ ಅರ್ಥ ತಿಳಿಯದ ಹಾಗೆ ಬರೆಯುವುದು. ಸ್ಕೌಟ್ ಟೈರಿನೊಳಗೆ ಕೂತು ಉರುಳುತ್ತಾ ರಾಡ್ಲಿ ಮೆಟ್ಟಿಲಿಗೆ ಬಡಿದ ದಿನ ಒಳಗಿನಿಂದ ಒಂದು ಸದ್ದು ಕೇಳುತ್ತಾಳೆ. ಯಾರೋ ನಗುತ್ತಿದ್ದಾರೆ. ಅವಳಿಗೆ ಹೆದರಿಕೆಯಾಗುತ್ತದೆ. ನಾವು ಓದುವವರು ಯೋಚಿಸಿದರೆ ಗೊತ್ತಾಗುತ್ತದೆ, ಎಷ್ಟೋ ವರ್ಷದ ಮೇಲೆ ಆ ಮನೆಯೊಳಗೆ ನಗು ಬಂದಿದೆ, ಅದೂ ಈ ಮಕ್ಕಳಿಂದ. ಪ್ಯಾಂಟಿನ ಕಥೆಯೂ ಹಾಗೇ. ಜೆಮ್ ನಡುರಾತ್ರಿ ವಾಪಸ್ ಹೋದಾಗ ಪ್ಯಾಂಟು ಮಡಿಸಿ ಬೇಲಿಯ ಮೇಲೆ ಇಟ್ಟಿದೆ, ಹರಿದಲ್ಲಿ ವಕ್ರವಕ್ರವಾಗಿ ಹೊಲಿದಿದೆ. ಅವನು ಅದನ್ನು ಎಷ್ಟೋ ದಿನ ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಅವನಿಗೆ ಆಗಲೇ ಅರ್ಥವಾಗತೊಡಗಿದೆ. ಮುಂದೆ ನೇಥನ್ ಬಂದು ಮರ ಸಾಯುತ್ತಿದೆ ಅಂತ ನೆಪ ಹೇಳಿ ಪೊಟರೆಗೆ ಸಿಮೆಂಟು ತುಂಬುತ್ತಾನೆ. ಆಟಿಕಸ್‌ನನ್ನು ಕೇಳಿದರೆ ಮರ ಚೆನ್ನಾಗಿಯೇ ಇದೆ ಅನ್ನುತ್ತಾನೆ. ಆ ಸಂಜೆ ಜೆಮ್ ವರಾಂಡದಲ್ಲಿ ಬಹಳ ಹೊತ್ತು ನಿಂತಿರುತ್ತಾನೆ, ಒಳಗೆ ಬಂದಾಗ ಅತ್ತಿರುವುದು ಮುಖದಲ್ಲಿ ಕಾಣುತ್ತದೆ. ಸ್ಕೌಟ್‌ಗೆ ಆಶ್ಚರ್ಯ, ತನಗೆ ಅಳು ಕೇಳಿಸಲೇ ಇಲ್ಲವಲ್ಲ ಅಂತ. ಚಳಿಗಾಲದಲ್ಲಿ ಮಿಸ್ ಮಾಡಿ ಮನೆಗೆ ಬೆಂಕಿ ಬಿದ್ದ ರಾತ್ರಿ, ರಸ್ತೆಯಲ್ಲಿ ನಡುಗುತ್ತಾ ನಿಂತ ಸ್ಕೌಟ್‌ನ ಹೆಗಲ ಮೇಲೆ ಯಾರೋ ಕಂಬಳಿ ಹೊದಿಸಿರುತ್ತಾರೆ. ಅವಳಿಗೆ ಗೊತ್ತೇ ಆಗಿಲ್ಲ.

ಇದಾದ ಮೇಲೆ ಬೂ ಹೆಚ್ಚುಕಡಿಮೆ ಮಾಯ. ಎಂಟನೇ ಅಧ್ಯಾಯದಿಂದ ಇಪ್ಪತ್ತೆಂಟರ ತನಕ ಅವನ ಹೆಸರು ಆಗೊಮ್ಮೆ ಈಗೊಮ್ಮೆ ಬರುತ್ತದೆ ಅಷ್ಟೇ, ಆ ಜಾಗವನ್ನೆಲ್ಲ ಕೋರ್ಟು ತೆಗೆದುಕೊಳ್ಳುತ್ತದೆ. ಅಲ್ಲೂ ಸಾಕ್ಷ್ಯ ಇದೆ, ಬೇಕಾದಷ್ಟು. ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ, ಅಂದರೆ ಹೊಡೆದವನು ಎಡಗೈಯವನು. ಟಾಮ್‌ನ ಎಡಗೈ ಹತ್ತಿ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಅವಳ ಅಪ್ಪ ಬಾಬ್ ಇವೆಲ್ ಎಡಚ. ಇಷ್ಟಾದರೂ ತೀರ್ಪು ಟಾಮ್ ವಿರುದ್ಧವೇ. ಆಮೇಲೆ ಜೆಮ್ ಒಂದು ಮಾತು ಹೇಳುತ್ತಾನೆ, ಬೂ ಯಾಕೆ ಒಳಗೇ ಇರುತ್ತಾನೆ ಅಂತ ನನಗೆ ಈಗ ಅರ್ಥವಾಗತೊಡಗಿದೆ, ಅವನಿಗೆ ಒಳಗೇ ಇರಬೇಕು ಅನ್ನಿಸಿದೆ. ನೀವು ಕೇಳಿದ ಮೊದಲ ಪ್ರಶ್ನೆಗೆ ಪುಸ್ತಕದೊಳಗಿನ ಉತ್ತರ ಇದೇ ಜಾಗದಲ್ಲಿದೆ. ಎರಡು ಕಥೆಯೂ ಇಲ್ಲಿ ಕೂಡುತ್ತವೆ.

ಒಂದು ಪುರಾವೆ ಹೊರಗಿನಿಂದಲೂ ಇದೆ. ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಕೊಟ್ಟ ಕರಡು ಬೇರೆಯೇ ಇತ್ತು, ‘ಗೋ ಸೆಟ್ ಎ ವಾಚ್‌ಮನ್’ ಅಂತ 2015ರಲ್ಲಿ ಅಚ್ಚಾಯಿತಲ್ಲ, ಅದು. ಅದರಲ್ಲಿ ಸ್ಕೌಟ್ ದೊಡ್ಡವಳು, ಬೂ ರಾಡ್ಲಿ ಇಲ್ಲವೇ ಇಲ್ಲ. ಸಂಪಾದಕಿ ಟೇ ಹೋಹಾಫ್ ಜೊತೆ ಕೂತು ಮತ್ತೆ ಮತ್ತೆ ತಿದ್ದಿ ಬರೆದು ಬಾಲ್ಯದ ಕಥೆಯಾಗಿಸಿದ ಮೇಲೆ ಬಂದದ್ದು 1960ರ ಪುಸ್ತಕ, ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬೂ ಇಲ್ಲದ ಪುಸ್ತಕ ಎಷ್ಟು ಬರೀ ವಾದವಾಗಿ ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ಲೀ ಸ್ವತಃ 1960ರ ದಶಕದ ನಡುವಿನಿಂದ ಸಂದರ್ಶನ ಕೊಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ನಾನೇ ಬೂ ಅಂದರು ಅಂತ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ ಹೇಳಿದ್ದಾರೆ.

ಸರಿ, ಮಗಳ ಪ್ರಶ್ನೆ. ಹ್ಯಾಲೋವೀನ್ ರಾತ್ರಿ, ಕೋರ್ಟಿನಲ್ಲಿ ಆಟಿಕಸ್ ಮಾನ ಕಳೆದ ಸೇಡಿಗೆ, ಬಾಬ್ ಇವೆಲ್ ಕತ್ತಲಲ್ಲಿ ಮಕ್ಕಳ ಮೇಲೆ ಬೀಳುತ್ತಾನೆ, ಜೆಮ್‌ನ ಕೈ ಮುರಿಯುತ್ತದೆ. ಬೂ ಬಂದು ಅವರನ್ನು ಉಳಿಸುತ್ತಾನೆ, ಇವೆಲ್ ಅಡುಗೆ ಚಾಕು ಇರಿದು ಸಾಯುತ್ತಾನೆ. ಶೆರಿಫ್ ಹೆಕ್ ಟೇಟ್, ಇವೆಲ್ ತನ್ನ ಚಾಕುವಿನ ಮೇಲೆ ತಾನೇ ಬಿದ್ದ ಅಂತ ಬರೆಯುತ್ತಾನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಟೇಟ್ ಬೂನನ್ನು ಜೈಲಿನಿಂದ ಉಳಿಸುತ್ತಿಲ್ಲ. ಮಕ್ಕಳ ಜೀವ ಉಳಿಸಲು ಮಾಡಿದ ಕೊಲೆ, ಅದೂ ಸತ್ತವನು ಇವೆಲ್, ಯಾವ ಜ್ಯೂರಿಯೂ ಶಿಕ್ಷೆ ಕೊಡುತ್ತಿರಲಿಲ್ಲ. ಟೇಟ್‌ನ ಹೆದರಿಕೆ ಬೇರೆ: ಊರಿನ ಹೆಂಗಸರೆಲ್ಲ ಕೇಕ್ ಮಾಡಿಕೊಂಡು ಬೂನ ಬಾಗಿಲಿಗೆ ಸಾಲು ನಿಲ್ಲುತ್ತಾರೆ. ಹೊಗಳಿಕೆಗಾದರೂ ಸರಿ, ನಾಚಿಕೆಯ ಮನುಷ್ಯನನ್ನು ಬೆಳಕಿಗೆ ಎಳೆಯುವುದು ಪಾಪ ಅನ್ನುತ್ತಾನೆ. ಸ್ಕೌಟ್ ಅದನ್ನು, ಯಾರಿಗೂ ಕೇಡು ಮಾಡದೆ ಬರೀ ಹಾಡುವ ಮಾಕಿಂಗ್‌ಬರ್ಡ್ ಹಕ್ಕಿಗೆ ಗುಂಡು ಹೊಡೆದ ಹಾಗೆ ಅಂತ ಅರ್ಥ ಮಾಡಿಕೊಳ್ಳುತ್ತಾಳೆ. ಮನುಷ್ಯನನ್ನು ಅವನ ಪಾಡಿಗೆ ಬಿಡುವುದು ಅಂದರೇನು ಅಂತ ಪುಸ್ತಕ ಮೊದಲಿಂದ ಕೇಳುತ್ತಾ ಬಂದಿದೆಯಲ್ಲ, ಆ ದಾರಿಯಲ್ಲಿ ಈ ಅಂತ್ಯ ಸಹಜವೇ. ಅದರ ಮಟ್ಟಿಗೆ ನನಗೂ ಒಪ್ಪಿಗೆ.

ಆದರೆ ಮಗಳಿಗೆ ಚುಚ್ಚುತ್ತಿರುವುದು ನಿಜವಾದ ಮುಳ್ಳು, ಅದನ್ನು ಮಾತಿನಲ್ಲಿ ಮುಚ್ಚಬೇಡಿ. ಕೊಂದವನು ಜೆಮ್ ಅಂತ ಅಂದುಕೊಂಡಿದ್ದಾಗ ಆಟಿಕಸ್ ಇದೇ ಮುಚ್ಚಿಹಾಕುವಿಕೆಗೆ ಬಿಲ್‌ಕುಲ್ ಒಪ್ಪಿರಲಿಲ್ಲ, ಎಲ್ಲ ಬಹಿರಂಗವಾಗಿ ಕೋರ್ಟಿನಲ್ಲೇ ಆಗಲಿ ಅಂದಿದ್ದ. ಬೂ ಅಂತ ಗೊತ್ತಾದ ಮೇಲೆ ಒಪ್ಪುತ್ತಾನೆ. ಲೇಖಕ ಮಾಲ್ಕಮ್ ಗ್ಲ್ಯಾಡ್‌ವೆಲ್ 2009ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆಟಿಕಸ್‌ನನ್ನು ತರಾಟೆಗೆ ತೆಗೆದುಕೊಂಡಾಗ ಈ ಜಾಗಕ್ಕೂ ಬೆರಳಿಟ್ಟಿದ್ದರು. ನನಗೆ ಇನ್ನೂ ಜಾಸ್ತಿ ಕಾಡುವುದು ಬೇರೆ. ಟಾಮ್ ವಿಷಯದಲ್ಲಿ ಸತ್ಯ ಎದುರಿಗಿದ್ದರೂ ಏನೂ ಮಾಡದ ಕಾನೂನು, ಬೂ ವಿಷಯದಲ್ಲಿ ಒಂದು ರಾತ್ರಿಯಲ್ಲಿ ಬಗ್ಗುತ್ತದೆ. ಟೇಟ್ ಆ ಲೆಕ್ಕವನ್ನು ಬಾಯಿ ಬಿಟ್ಟೇ ಹೇಳುತ್ತಾನೆ: ಒಬ್ಬ ಕಪ್ಪು ಹುಡುಗ ಸುಮ್ಮಸುಮ್ಮನೆ ಸತ್ತ, ಅದಕ್ಕೆ ಕಾರಣನಾದವನೂ ಈಗ ಸತ್ತ. ಅಲ್ಲಿಗೆ ಬರಾಬರಿ ಅನ್ನೋ ಧಾಟಿ. ಟಾಮ್‌ನ ಹೆಂಡತಿ ಹೆಲೆನ್‌ಗೆ ಅದು ಬರಾಬರಿಯಾ? ಜೈಲಿನಿಂದ ಓಡಿಹೋಗಲು ನೋಡಿದ ಟಾಮ್‌ಗೆ ಬಿದ್ದದ್ದು ಹದಿನೇಳು ಗುಂಡು. ಅದೇ ರಾತ್ರಿ ಅದೇ ಮಕ್ಕಳನ್ನು ಉಳಿಸಿದವನು ಕಪ್ಪು ಮನುಷ್ಯನಾಗಿದ್ದರೆ ಶೆರಿಫ್ ಹೀಗೇ ಬರೆಯುತ್ತಿದ್ದನಾ? ಕಾದಂಬರಿ ಆ ಪ್ರಶ್ನೆ ಕೇಳುವುದೇ ಇಲ್ಲ. ಬೂಗೆ ಸಿಕ್ಕ ದಯೆಯೂ, ಹಿಂದೆ ಅವನನ್ನು ಅಪ್ಪನ ಕೈಗೆ ಒಪ್ಪಿಸಿದ ಜಡ್ಜ್‌ನ ಆ ‘ದಯೆ’ಯೂ ಬಂದಿದ್ದು ಮರ್ಯಾದಸ್ತ ಬಿಳಿ ಮನೆತನದವನು ಅನ್ನೋ ಕಾರಣಕ್ಕೆ. ಕತ್ತರಿ ಗಲಾಟೆಯ ಸಮಯದಲ್ಲಿ ಅವನನ್ನು ಕಪ್ಪು ಜನರ ಜೊತೆ ಜೈಲಿಗೆ ಹಾಕಲು ಶೆರಿಫ್‌ಗೆ ಮನಸ್ಸು ಬರಲಿಲ್ಲ, ಅದಕ್ಕೆ ಕೋರ್ಟಿನ ನೆಲಮಾಳಿಗೆಯಲ್ಲಿಟ್ಟರು ಅನ್ನೋ ಒಂದು ಸಾಲು ಮೊದಲ ಅಧ್ಯಾಯದಲ್ಲೇ ಇದೆ. ಮಗಳಿಗೆ ಆ ಸಾಲು ತೋರಿಸಿ.

ನನ್ನ ಮಟ್ಟಿಗೆ, ಬೂನನ್ನು ಬಿಟ್ಟಿದ್ದು ಸರಿ, ಆದರೆ ಅದರಿಂದ ಟಾಮ್ ಲೆಕ್ಕ ಚುಕ್ತಾ ಆಯಿತು ಅನ್ನುವ ಹಾಗೆ ಮುಗಿಸಿದ್ದು ಸರಿಯಲ್ಲ. ಅವಳು ಒಪ್ಪದಿದ್ದರೆ ಇನ್ನೂ ಒಳ್ಳೆಯದು, ವಾದ ಮಾಡಲಿ.

ಆಮೇಲೆ ಕೊನೆಯ ಅಧ್ಯಾಯವನ್ನು ಗಡಿಬಿಡಿಯಲ್ಲಿ ಮುಗಿಸಬೇಡಿ. ಬೂ ಇಡೀ ಪುಸ್ತಕದಲ್ಲಿ ಆಡುವುದು ಒಂದೇ ಮಾತು, ನನ್ನನ್ನು ಮನೆಗೆ ಕರೆದುಕೊಂಡು ಹೋಗ್ತೀಯಾ ಅಂತ. ಸ್ಕೌಟ್ ಅವನ ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ, ಅವನ ತೋಳಿನಲ್ಲಿ ತನ್ನ ಕೈ ಸೇರಿಸುತ್ತಾಳೆ, ಸ್ಟೆಫನಿ ಕಿಟಕಿಯಿಂದ ನೋಡಿದರೆ ಆರ್ಥರ್ ರಾಡ್ಲಿ ಒಬ್ಬ ಜಂಟಲ್‌ಮನ್ ಹಾಗೆ ತನ್ನನ್ನು ನಡೆಸಿಕೊಂಡು ಹೋಗುತ್ತಿರುವಂತೆ ಕಾಣಲಿ ಅಂತ. ಏಳೆಂಟು ವರ್ಷದ ಹುಡುಗಿಗೆ ಅಷ್ಟು ಸೂಕ್ಷ್ಮ! ಆಮೇಲೆ ರಾಡ್ಲಿ ವರಾಂಡದಲ್ಲಿ ನಿಂತು ಬೀದಿಯನ್ನು ಆ ಕಡೆಯಿಂದ ನೋಡುತ್ತಾಳೆ, ನಾವು ಇಲ್ಲಿಯ ತನಕ ಓದಿದ ಎರಡು ವರ್ಷದ ಘಟನೆಗಳೆಲ್ಲ ಆ ಕಿಟಕಿಯಿಂದ ಹೇಗೆ ಕಂಡಿರಬೇಕು ಅಂತ ಒಂದು ಪುಟದಲ್ಲಿ ಮತ್ತೆ ಹಾದುಹೋಗುತ್ತವೆ. ಅಲ್ಲಿ ಅವರು ಆಟಿಕಸ್‌ನ ಮಕ್ಕಳಲ್ಲ, ಬೂನ ಮಕ್ಕಳು. ಅವನು ಇಷ್ಟೆಲ್ಲ ಕೊಟ್ಟ, ನಾವು ಏನೂ ಕೊಡಲಿಲ್ಲ ಅಂತ ಅವಳಿಗೆ ಬೇಜಾರಾಗುತ್ತದೆ. ನನಗೆ ಇಲ್ಲಿ ಸ್ಕೌಟ್ ಜೊತೆ ಸಣ್ಣ ತಕರಾರಿದೆ, ಆ ಟೈರಿನ ದಿನದ ನಗುವನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

1962ರ ಸಿನಿಮಾ ತೋರಿಸುವುದಾದರೆ ಪುಸ್ತಕ ಮುಗಿದ ಮೇಲೆ ತೋರಿಸಿ. ರಾಬರ್ಟ್ ಡುವಾಲ್‌ಗೆ ಬೂ ಮೊದಲ ಸಿನಿಮಾ ಪಾತ್ರ, ಒಂದೂ ಮಾತಿಲ್ಲದೆ ಬಹಳ ಚೆನ್ನಾಗಿ ಮಾಡಿದ್ದಾರೆ. ಆದರೆ ಬೆಂಕಿ, ಕಂಬಳಿ ಎಲ್ಲ ಅದರಲ್ಲಿಲ್ಲ, ಗ್ರೆಗರಿ ಪೆಕ್‌ನ ಆಟಿಕಸ್ ಎಷ್ಟು ದೊಡ್ಡದಾಗಿ ನಿಲ್ಲುತ್ತಾನೆ ಅಂದರೆ ಮೊದಲು ಅದನ್ನು ನೋಡಿದವರಿಗೆ ಇದು ಬರೀ ಕೋರ್ಟ್ ಕಥೆ ಅಂತಲೇ ಅನ್ನಿಸಿಬಿಡುತ್ತದೆ.